ಬಚ್ಚಲುಮನೆ ರಿಪೇರಿ: ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ತಿಳಿದಿರಬೇಕಾದ್ದು

"ಬಾತ್‌ರೂಮ್ ಹೊಸದಾಗಿ ಮಾಡಿಸ್ತಿದ್ದೀವಿ, ಯಾವ ಟೈಲ್ಸ್ ಹಾಕಿಸಿದ್ರೆ ಒಳ್ಳೇದು?" ಈ ಪ್ರಶ್ನೆ ಬರದ ವಾರವೇ ಇಲ್ಲ. ಜೊತೆಗೆ ಇನ್ನೊಂದು ಬರುತ್ತದೆ: "ಹೋದ ವರ್ಷ ಅಷ್ಟು ಖರ್ಚು ಮಾಡಿ ಮಾಡಿಸಿದ್ವಿ, ಈಗ ಕೆಳಗಿನ ರೂಮಿನ ಸೀಲಿಂಗ್ ಒದ್ದೆ ಆಗ್ತಿದೆ, ಏನು ಮಾಡೋದು?"

ಎರಡಕ್ಕೂ ನನ್ನ ಉತ್ತರ ಒಂದೇ. ಮೊದಲು ಟೈಲ್ಸ್ ಕೆಳಗಿನ ಕೆಲಸ ನೋಡಿ. ಪೈಪು, ವಾಟರ್‌ಪ್ರೂಫಿಂಗ್, ವಾಟ (ನೀರು ಹರಿದು ಹೋಗಲು ಕೊಡುವ ಇಳಿಜಾರು), ಈ ಮೂರು ಸರಿಯಿದ್ದರೆ ಕಡಿಮೆ ಬೆಲೆಯ ಟೈಲ್ಸ್ ಕೂಡ ಬಹಳ ವರ್ಷ ಬಾಳುತ್ತದೆ. ಇವು ಕೆಟ್ಟಿದ್ದರೆ ಎಷ್ಟು ದುಬಾರಿ ಟೈಲ್ಸ್ ಹಾಕಿದರೂ ಮತ್ತೆ ಒಡೆಸಬೇಕಾಗುತ್ತದೆ.

ಇಲ್ಲಿ ಬರೆದಿರುವುದು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ಕಟ್ಟಿದ ಮನೆ, ಫ್ಲಾಟುಗಳಿಗೆ. ಲೆಕ್ಕಕ್ಕೆ 5 ಅಡಿಗೆ 8 ಅಡಿಯ ಬಾತ್‌ರೂಮ್ ಇಟ್ಟುಕೊಂಡಿದ್ದೇನೆ.

1. ಒಡೆಯುವ ಮೊದಲು ಸೋರಿಕೆ ಎಲ್ಲಿಂದ ಅಂತ ಗೊತ್ತು ಮಾಡಿಕೊಳ್ಳಿ

ಗೋಡೆಯಲ್ಲಿ ತೇವ ಇದ್ದರೆ ಕಾರಣ ಎರಡರಲ್ಲಿ ಒಂದು. ನಲ್ಲಿಗೆ ನೀರು ತರುವ ಪೈಪು ಸೋರುತ್ತಿರಬಹುದು. ಇಲ್ಲವೇ ಬಳಸಿದ ನೀರು ಹೊರಗೆ ಹೋಗುವ ದಾರಿ, ಅಂದರೆ ನೆಲ ಅಥವಾ ಡ್ರೈನ್ ಪೈಪು, ಸೋರುತ್ತಿರಬಹುದು.

ಇದನ್ನು ನೀವೇ ನೋಡಬಹುದು. ಆ ಬಾತ್‌ರೂಮನ್ನು ಮೂರು ನಾಲ್ಕು ದಿನ ಬಳಸಬೇಡಿ. ನೀರಿನ ವಾಲ್ವ್ ಮಾತ್ರ ಮುಚ್ಚಬೇಡಿ. ಆದರೂ ತೇವ ಹಾಗೇ ಇದ್ದರೆ ಅಥವಾ ಹೆಚ್ಚಾದರೆ ನೀರು ತರುವ ಪೈಪಿನ ಮೇಲೆ ಅನುಮಾನ. ಅದರಲ್ಲಿ ಯಾವಾಗಲೂ ಒತ್ತಡ ಇರುತ್ತದೆ, ಹಗಲು ರಾತ್ರಿ ಜಿನುಗುತ್ತದೆ. ಬಳಸದೇ ಇದ್ದಾಗ ತೇವ ಒಣಗುತ್ತಾ ಬಂದರೆ ನೆಲ ಅಥವಾ ಡ್ರೈನ್ ಮೇಲೆ ಅನುಮಾನ. ಈ ಉತ್ತರ ಕೈಯಲ್ಲಿದ್ದರೆ ಪ್ಲಂಬರ್ ಜೊತೆ ಮಾತಾಡುವುದು ಸುಲಭ. ಕೆಲವು ಸಲ ಇಡೀ ನೆಲ ಒಡೆಯುವುದೇ ಬೇಕಾಗುವುದಿಲ್ಲ.

2. ಕಾಗದದ ಮೇಲೆ ಎಲ್ಲ ತೀರ್ಮಾನ ಆಗಲಿ

ಕಮೋಡು ಯಾವುದು, ಗೀಸರ್ ಎಲ್ಲಿ, ಶವರ್ ಎಲ್ಲಿ, ವಾಶ್ ಬೇಸಿನ್ ಎಷ್ಟು ಎತ್ತರಕ್ಕೆ ಎಂಬುದನ್ನೆಲ್ಲ ಒಡೆಯುವ ಮೊದಲೇ ಬರೆದಿಡಿ. ಗೋಡೆ ಒಡೆದು ಮೇಸ್ತ್ರಿ ಎದುರಿಗೆ ನಿಂತು "ಇದು ಎಲ್ಲಿಗೆ ಸಾರ್?" ಅಂದಾಗ ಗಡಿಬಿಡಿಯಲ್ಲಿ ಹೇಳಿದ ಜಾಗವನ್ನೇ ಮುಂದಿನ ಇಪ್ಪತ್ತು ವರ್ಷ ನೋಡಬೇಕಾಗುತ್ತದೆ.

ಜಾಸ್ತಿ ಜನ ಎಡವುವುದು ಕಮೋಡಿನಲ್ಲಿ. ಕಮೋಡಿನ ನೀರು ಹೊರಹೋಗುವ ಬಾಯಿ ಕೆಳಗೆ ನೆಲಕ್ಕೆ ಇದ್ದರೆ ಅದನ್ನು ಎಸ್ ಟ್ರ್ಯಾಪ್ ಅಂತಾರೆ, ಹಿಂದೆ ಗೋಡೆಗೆ ಇದ್ದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್‌ನಲ್ಲೂ ಗೋಡೆಯಿಂದ ಆ ಬಾಯಿಯ ನಡುಮಧ್ಯಕ್ಕೆ ಇರುವ ದೂರ ಬೇರೆ ಬೇರೆ: 4 ಇಂಚು, 9 ಇಂಚು, 12 ಇಂಚು ಅಂತ ಸಿಗುತ್ತದೆ. ಈಗಿರುವ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಹೊಸ ಟೈಲ್ಸ್ ಮತ್ತು ಗಾರೆಯ ದಪ್ಪ ಹಳೆಯದಕ್ಕಿಂತ ಹೆಚ್ಚಾದರೆ ಈ ದೂರ ಅರ್ಧ ಮುಕ್ಕಾಲು ಇಂಚು ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಂಗಡಿಯಲ್ಲಿ ಚೆಂದ ಕಂಡಿದ್ದು ಮನೆಗೆ ಬಂದ ಮೇಲೆ ಕೂರದಿದ್ದರೆ ಕಮೋಡು ವಾಪಸ್ ಕೊಡಬೇಕು, ಇಲ್ಲವೇ ಪೈಪು ಒಡೆಯಬೇಕು.

ಫ್ಲಾಟಿನಲ್ಲಿದ್ದರೆ ಅಸೋಸಿಯೇಷನ್‌ನಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಕೆಲಸದ ವೇಳೆ, ಲಿಫ್ಟ್ ಬಳಕೆ, ಒಡೆದ ಕಸ ಎಲ್ಲಿ ಹಾಕಬೇಕು ಅನ್ನುವುದು ಅದರಲ್ಲಿರಲಿ. ಕೆಳಗಿನ ಮನೆಯವರಿಗೆ ಮುಂಚೆಯೇ ಹೋಗಿ ಹೇಳಿ. ಮುಂದೆ ಅವರ ಬಾತ್‌ರೂಮಿನ ಸೀಲಿಂಗ್ ನೋಡಲು ನೀವು ಎರಡು ದಿನ ಓಡಾಡಬೇಕಾಗುತ್ತದೆ.

ದಿನಗಳ ವಿಷಯಕ್ಕೆ ಬಂದರೆ, ಒಂದು ಬಾತ್‌ರೂಮಿಗೆ ಹದಿನೈದರಿಂದ ಇಪ್ಪತ್ತು ದಿನ ಇಟ್ಟುಕೊಳ್ಳಿ. "ಒಂದು ವಾರದಲ್ಲಿ ಮುಗಿಸ್ತೀವಿ" ಅಂದವರು ಒಣಗುವ ದಿನಗಳನ್ನು ನುಂಗಿರುತ್ತಾರೆ. ಮನೆಯಲ್ಲಿ ಒಂದೇ ಬಾತ್‌ರೂಮ್ ಇದ್ದರೆ ಬದಲಿ ವ್ಯವಸ್ಥೆ ಮಾಡಿಕೊಂಡೇ ಶುರು ಮಾಡಿ. ಇಲ್ಲದಿದ್ದರೆ ಮನೆಯವರ ಅವಸರಕ್ಕೆ ನೀವೇ ಮೇಸ್ತ್ರಿಯನ್ನು ಓಡಿಸುತ್ತೀರಿ.

3. ಒಡೆಯುವುದು

"ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಬಹುದಾ?" ಅಂತ ತುಂಬ ಜನ ಕೇಳುತ್ತಾರೆ. ಎಲ್ಲೂ ಸೋರಿಕೆ ಇಲ್ಲ, ಹಳೇ ಟೈಲ್ಸ್ ಗಟ್ಟಿಯಾಗಿದೆ, ಪೈಪು ಚೆನ್ನಾಗಿದೆ, ನೆಲ ಅರ್ಧ ಮುಕ್ಕಾಲು ಇಂಚು ಎತ್ತರವಾದರೂ ಬಾಗಿಲು ತಾಗುವುದಿಲ್ಲ ಎಂದಾದರೆ ಆಗಬಹುದು. ಇಪ್ಪತ್ತೈದು ವರ್ಷದ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ ಪೈಪು) ಗೋಡೆಯೊಳಗೆ ತುಕ್ಕು ಹಿಡಿದು ಕೂತಿರುವ ಮನೆಯಲ್ಲಿ ಬೇಡ.

ಒಡೆಯುವ ದಿನ ಮೊದಲು ಬಾತ್‌ರೂಮಿನ ಎಂಸಿಬಿ (ಮೀಟರ್ ಬೋರ್ಡಿನಲ್ಲಿ ಆ ಲೈನಿನ ಕರೆಂಟು ಕಡಿಯುವ ಸ್ವಿಚ್) ಇಳಿಸಿ, ನೀರಿನ ವಾಲ್ವ್ ಮುಚ್ಚಿ. ಆಮೇಲೆ ಕಮೋಡು ತೆಗೆದ ಜಾಗ ಮತ್ತು ನೆಲದ ಡ್ರೈನ್ ಬಾಯಿಗೆ ಗೋಣಿಚೀಲ ಅಥವಾ ಹಳೇ ಬಟ್ಟೆ ಬಿಗಿಯಾಗಿ ತುರುಕಿಸಿ. ಒಂದು ತುದಿ ಹೊರಗೆ ಇರಲಿ, ತೆಗೆಯಲು ಬೇಕಲ್ಲ. ಇದನ್ನು ಮರೆತರೆ ಸಿಮೆಂಟು ಚೂರು, ಟೈಲ್ಸ್ ಚೂರು ಪೈಪಿನೊಳಗೆ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಮೊದಲ ಸಲ ಫ್ಲಶ್ ಮಾಡಿದಾಗ ಗೊತ್ತಾಗುತ್ತದೆ.

ನೆಲದ ಸ್ಲ್ಯಾಬ್ ಹತ್ತಿರ ಬಂದಾಗ ದೊಡ್ಡ ಡ್ರಿಲ್ ಮೆಷಿನ್ ಬೇಡ, ಉಳಿ ಸುತ್ತಿಗೆ ಸಾಕು. ಕಂಬ, ಬೀಮ್ ಕೊರೆಯಲು ಯಾರಿಗೂ ಬಿಡಬೇಡಿ. ಒಂದೇ ಒಂದು ಪೈಪು ಹಾಯಿಸಲು ಅಂದರೂ ಬಿಡಬೇಡಿ.

4. ಪೈಪು

ಹಳೇ ಜಿಐ ಪೈಪು ಒಳಗೆ ತುಕ್ಕು ಕಟ್ಟಿ ಕಿರಿದಾಗಿರುತ್ತದೆ. ತುಂಡು ತುಂಡಾಗಿ ಬದಲಿಸಬೇಡಿ, ಪೂರ್ತಿ ತೆಗೆಸಿ. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪೇ ಬೇಕು. ಯುಪಿವಿಸಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಪೈಪು ತಣ್ಣೀರಿಗೆ ಮಾತ್ರ. ಎರಡೂ ನೋಡಲು ಹತ್ತಿರ ಹತ್ತಿರ ಇರುತ್ತವೆ, ಪೈಪಿನ ಮೇಲೆ ಅಚ್ಚಾಗಿರುವ ಹೆಸರು ಓದಿ. ಸೋಲಾರ್ ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು ಕೈ ಸುಡುವಷ್ಟು ಕಾದಿರುತ್ತದೆ.

ಕಮೋಡಿನ ಪೈಪು 110 ಮಿಲಿಮೀಟರ್, ಸ್ನಾನದ ನೀರಿನದು 75 ಮಿಲಿಮೀಟರ್ ಇರಲಿ. ನೆಲದಲ್ಲಿ ಕೂರಿಸುವ ನಹಾನಿ ಟ್ರ್ಯಾಪ್ (ಜಾಲರಿಯ ಕೆಳಗೆ ಬರುವ ಬಟ್ಟಲಿನಂಥ ಭಾಗ, ಸ್ನಾನದ ನೀರು ಇದರ ಮೂಲಕ ಡ್ರೈನಿಗೆ ಹೋಗುತ್ತದೆ) ಆಳದ್ದಾಗಿರಲಿ. ಅದರೊಳಗೆ ಎರಡು ಇಂಚು ನೀರು ಸದಾ ನಿಂತಿರಬೇಕು. ಡ್ರೈನಿನ ವಾಸನೆ, ಜಿರಳೆ ಮೇಲೆ ಬರದಂತೆ ತಡೆಯುವುದು ಆ ನೀರೇ. ಸೋವಿ ಅಂತ ಆಳವಿಲ್ಲದ ಟ್ರ್ಯಾಪ್ ಹಾಕಿಸಿದರೆ ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ನೀರು ಆರಿ ಮನೆಯೆಲ್ಲ ವಾಸನೆ.

ಗೋಡೆಯೊಳಗೆ ಕೂರುವ ಡೈವರ್ಟರ್ (ಬಿಸಿನೀರು ತಣ್ಣೀರು ಬೆರೆಸಿ ಶವರಿಗೋ ನಲ್ಲಿಗೋ ಕಳಿಸುವ ಸಾಧನ) ಹಾಕಿಸುವುದಾದರೆ ಅದರ ಆಳದ ಬಗ್ಗೆ ಎಚ್ಚರ. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಎಷ್ಟು ಒಳಗೆ, ಎಷ್ಟು ಹೊರಗೆ ಎಂಬ ಗುರುತು ಇರುತ್ತದೆ. ಗಾರೆ ಮತ್ತು ಟೈಲ್ಸ್ ದಪ್ಪ ಸೇರಿಸಿ ಆ ಗುರುತಿನೊಳಗೆ ಬರಬೇಕು. ಜಾಸ್ತಿ ಒಳಗೆ ಹೋದರೆ ಮೇಲಿನ ಹಿಡಿ ಕೂರುವುದಿಲ್ಲ.

ಅಂಟು ಒಣಗಲು ಒಂದು ದಿನ ಬಿಟ್ಟು, ಗೋಡೆ ಮುಚ್ಚುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಎಲ್ಲ ಬಾಯಿ ಮುಚ್ಚಿ, ಕೈಪಂಪಿನಿಂದ ಪೈಪಿನೊಳಗೆ ಒತ್ತಡ ಏರಿಸಿ ಬಿಡುತ್ತಾರೆ. ಕೆಲವು ಗಂಟೆ ಕಳೆದರೂ ಪಂಪಿನ ಒತ್ತಡದ ಮೀಟರಿನ ಮುಳ್ಳು ಕೆಳಗೆ ಇಳಿಯಬಾರದು. ನಂತರ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪೈಪಿನ ಪಕ್ಕ ಟೇಪ್ ಹಿಡಿದು. ಮುಂದೆ ಟವೆಲ್ ರಾಡ್‌ಗೆ ಗುನ್ನ ಹೊಡೆಸುವಾಗ ಈ ಫೋಟೋ ನಿಮ್ಮನ್ನು ಕಾಪಾಡುತ್ತದೆ.

5. ವಾಟರ್‌ಪ್ರೂಫಿಂಗ್

ಬೇರೆ ಎಲ್ಲ ಓದಲು ಸಮಯ ಇಲ್ಲದಿದ್ದರೂ ಇದೊಂದನ್ನು ಪೂರ್ತಿ ಓದಿ.

ನಮ್ಮ ಕಡೆ ಬಹಳ ಬಾತ್‌ರೂಮುಗಳಲ್ಲಿ ಸ್ಲ್ಯಾಬನ್ನು ಮುಕ್ಕಾಲು ಅಡಿಯಿಂದ ಒಂದು ಅಡಿ ತಗ್ಗಿಸಿ ಹಾಕಿರುತ್ತಾರೆ. ಇದನ್ನು ಸಂಕನ್ ಸ್ಲ್ಯಾಬ್ ಅಂತಾರೆ. ಆ ತಗ್ಗಿನಲ್ಲಿ ಡ್ರೈನ್ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ನೆಲ ಮಾಡಿರುತ್ತಾರೆ. ಟೈಲ್ಸ್ ಸಂದಿಯಿಂದ ದಿನಾ ಸ್ವಲ್ಪ ಸ್ವಲ್ಪ ನೀರು ಇಳಿದು ಆ ಇಟ್ಟಿಗೆ ಚೂರಿನಲ್ಲಿ ನಿಲ್ಲುತ್ತದೆ. ಅದೊಂದು ಕಣ್ಣಿಗೆ ಕಾಣದ ತೊಟ್ಟಿ. ಅಲ್ಲಿಂದ ಕೆಳಗಿನ ಸೀಲಿಂಗಿಗೆ ಇಳಿಯುತ್ತದೆ.

ಕೆಲಸ ಹೀಗೆ ಆಗಬೇಕು. ತುಂಬಿದ್ದನ್ನೆಲ್ಲ ತೆಗೆದು ಸ್ಲ್ಯಾಬ್ ಕಾಂಕ್ರೀಟ್ ಕಾಣುವವರೆಗೆ ಗುಡಿಸಿ, ತೊಳೆದು ನೋಡಿ. ಬಿರುಕು ಇದ್ದರೆ ತುಂಬಿಸಿ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಗಾರೆಯಲ್ಲಿ ದುಂಡಗೆ ತಿದ್ದಿಸಿ, ಮೂಲೆ ಚೂಪಾಗಿದ್ದರೆ ಲೇಪನ ಅಲ್ಲೇ ಸೀಳುತ್ತದೆ. ಪೈಪು ಸ್ಲ್ಯಾಬ್ ಅಥವಾ ಗೋಡೆ ದಾಟುವ ಜಾಗವನ್ನು ಕುಗ್ಗದ ಗ್ರೌಟ್‌ನಿಂದ (ಸಂದಿ ತುಂಬುವ ಮಿಶ್ರಣ, ಒಣಗಿದಾಗ ಕುಗ್ಗದಂಥದ್ದು) ತುಂಬಿಸಿ. ಸೋರಿಕೆ ಶುರುವಾಗುವ ಜಾಗಗಳಲ್ಲಿ ಪೈಪಿನ ಸುತ್ತಲಿನ ಸಂದಿಯೇ ಮುಖ್ಯವಾದದ್ದು.

ಇದು ಒಣಗಿದ ಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಲೇಪನ. ಪುಡಿ ಮತ್ತು ದ್ರಾವಣ ಎರಡು ಪ್ಯಾಕಿನಲ್ಲಿ ಬರುತ್ತದೆ, ಪ್ಯಾಕಿನ ಮೇಲೆ ಬರೆದ ಅಳತೆಯಲ್ಲೇ ಬೆರೆಸಬೇಕು. ಬ್ರಷ್ ಸುಲಭವಾಗಿ ಓಡಲಿ ಅಂತ ನೀರು ಸುರಿಯಲು ಬಿಡಬೇಡಿ. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಮೂಲೆಗಳಲ್ಲಿ, ಪೈಪಿನ ಸುತ್ತ ಎರಡು ಕೋಟ್ ನಡುವೆ ಫೈಬರ್ ಬಲೆ ಇಡಿಸಿ. ಗೋಡೆಯ ಮೇಲೆ, ಮುಂದೆ ಬರುವ ನೆಲದ ಮಟ್ಟದಿಂದ ಕನಿಷ್ಠ ಒಂದು ಅಡಿ ಹತ್ತಬೇಕು. ಶವರ್ ಇರುವ ಗೋಡೆಗೆ ಆರೇಳು ಅಡಿ. ಬಾಗಿಲ ಹೊಸ್ತಿಲ ಕೆಳಗೂ ಬಳಿಸಿ. ಅದನ್ನು ಬಿಟ್ಟರೆ ರೂಮಿನ ಗೋಡೆಯ ಬುಡದಲ್ಲಿ ಬಣ್ಣ ಉಬ್ಬುತ್ತದೆ.

"ಗಾರೆಗೇ ವಾಟರ್‌ಪ್ರೂಫ್ ಲಿಕ್ವಿಡ್ ಬೆರೆಸಿದ್ದೀವಿ, ಇದೆಲ್ಲ ಬೇಡ" ಅಂತ ಹೇಳುವವರು ಸಿಗುತ್ತಾರೆ. ಬೆರೆಸಲಿ, ತಪ್ಪಿಲ್ಲ. ಆದರೆ ಅದು ಈ ಲೇಪನದ ಬದಲಿ ಅಲ್ಲ.

ಲೇಪನ ಪೂರ್ತಿ ಗಟ್ಟಿಯಾದ ಮೇಲೆ ನೀರು ನಿಲ್ಲಿಸುವ ಪರೀಕ್ಷೆ. ಎಲ್ಲ ಡ್ರೈನ್ ಬಾಯಿ ಮುಚ್ಚಿ, ಮೂರು ನಾಲ್ಕು ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಬದಲು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಪಕ್ಕದಲ್ಲಿ ತಾರೀಖು, ಗಂಟೆ ಬರೆಯಿರಿ. 48 ಗಂಟೆ ಬಿಡಿ. ಬೆಳಗ್ಗೆ ಸಂಜೆ ಕೆಳಗಿನ ಸೀಲಿಂಗಿಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಒದ್ದೆಯಾದ ಜಾಗ ಬಣ್ಣದಲ್ಲಿ ಕಾಣುವ ಮೊದಲೇ ಓರೆ ಬೆಳಕಿನಲ್ಲಿ ಮಿನುಗುತ್ತದೆ. ಕೈಯಿಂದ ಮುಟ್ಟಿದರೆ ತಣ್ಣಗಿರುತ್ತದೆ. ನೀರು ಗೆರೆಯಿಂದ ಕೂದಲೆಳೆಯಷ್ಟು ಇಳಿದರೆ ಆವಿಯಾಗಿದೆ ಅಂತ ಬಿಡಬಹುದು. ಅರ್ಧ ಇಂಚು ಇಳಿದರೆ ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ, ಹುಡುಕಿಸಿ.

ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿಸಿದಾಗ ಈ ಎರಡು ದಿನ ಉಳಿಸಲು ಹೋದೆವು. ಮೂರು ತಿಂಗಳಿಗೆ ಕೆಳಗಿನ ಅಡುಗೆಮನೆ ಸೀಲಿಂಗಿನಲ್ಲಿ ತಟ್ಟೆಯಗಲ ಕಲೆ. ಹೊಸ ನೆಲವನ್ನೇ ಒಡೆಸಬೇಕಾಯಿತು. ನಿಮಗೆ ಹಾಗಾಗುವುದು ಬೇಡ.

ಪರೀಕ್ಷೆ ಪಾಸಾದ ದಿನವೇ ಲೇಪನದ ಮೇಲೆ ತೆಳು ಗಾರೆ ಹಾಸಿಸಿ. ಇಲ್ಲದಿದ್ದರೆ ಸನಿಕೆ ಏಟಿಗೆ, ಕೆಲಸದವರ ಕಾಲಡಿಯ ಜಲ್ಲಿಗೆ ಲೇಪನ ಹರಿಯುತ್ತದೆ. ತಗ್ಗು ತುಂಬಲು ಒಡೆದ ಹಳೇ ಕಸವನ್ನೇ ಮತ್ತೆ ಹಾಕುವುದು ರೂಢಿ. ಅದಕ್ಕೆ ಒಪ್ಪಬೇಡಿ. ಒಂದು ಅಡಿ ತಗ್ಗಿನಲ್ಲಿ ಅದು ಹತ್ತಿರ ಹತ್ತಿರ ಒಂದೂವರೆ ಟನ್ ಭಾರ, ಜೊತೆಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಗುರ ಬ್ಲಾಕಿನ ಚೂರು ಅಥವಾ ಹಗುರ ಕಾಂಕ್ರೀಟ್ ತುಂಬಿಸಿ. ಅದರ ಮೇಲೆ ಕಾಂಕ್ರೀಟ್ ಹಾಸು, ಆ ಹಾಸಿಗೆ ಮತ್ತೊಮ್ಮೆ ಲೇಪನ. ಈ ಎರಡನೇ ಲೇಪನ ಇದ್ದರೆ ನೀರು ತಗ್ಗಿಗೆ ಇಳಿಯುವುದೇ ಇಲ್ಲ.

6. ವಾಟ

ನೆಲ ಡ್ರೈನ್ ಕಡೆ 80ಕ್ಕೆ 1ರಂತೆ ಇಳಿದಿರಬೇಕು. 5 ಅಡಿ ದೂರಕ್ಕೆ ಮುಕ್ಕಾಲು ಇಂಚು ಇಳಿತ. ರಸಮಟ್ಟ ಇಟ್ಟು ತೋರಿಸಲು ಹೇಳಿ. ಟೈಲ್ಸ್ ಕೂರಿಸುವಾಗಲೇ ನಾಲ್ಕು ಮೂಲೆಯಿಂದ ಒಂದು ಗೋಲಿ ಬಿಟ್ಟು ನೋಡಿ, ನೂಕದೆ ಡ್ರೈನ್ ಕಡೆ ಉರುಳಬೇಕು. ಕಮೋಡಿನ ಹಿಂದಿನ ಮೂಲೆಯನ್ನು ಮರೆಯಬೇಡಿ, ನೀರು ನಿಂತು ಪಾಚಿ ಕಟ್ಟುವುದು ಅಲ್ಲೇ. ಬಾತ್‌ರೂಮಿನ ನೆಲ ಹೊರಗಿನ ರೂಮಿಗಿಂತ ಅರ್ಧದಿಂದ ಒಂದು ಇಂಚು ತಗ್ಗಿರಲಿ.

7. ಈಗ ಟೈಲ್ಸ್

ಲೆಕ್ಕ ಸುಲಭ. 5ಕ್ಕೆ 8 ಅಡಿ ರೂಮಿನ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ 182 ಚದರಡಿ. ಎರಡೂವರೆ ಅಡಿಯ ಬಾಗಿಲಿನದು ಸುಮಾರು 17 ಚದರಡಿ ಕಳೆದರೆ ಗೋಡೆಗೆ 165. ನೆಲಕ್ಕೆ 40. ಎರಡಕ್ಕೂ ನೂರಕ್ಕೆ ಹತ್ತರಷ್ಟು ಸೇರಿಸಿ. ಎಲ್ಲ ಬಾಕ್ಸ್ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಬ್ಯಾಚ್ ಆದರೆ ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ ಬರುತ್ತದೆ, ಗೋಡೆ ಮೇಲೆ ಎದ್ದು ಕಾಣುತ್ತದೆ.

ನೆಲಕ್ಕೆ ಮ್ಯಾಟ್ ಅಥವಾ ಆ್ಯಂಟಿ ಸ್ಕಿಡ್ (ಜಾರದ) ಟೈಲ್ಸೇ ಇರಲಿ. ಅಂಗಡಿಯಲ್ಲಿ ಒಂದು ಟೈಲ್ಸ್ ಕೆಳಗಿಟ್ಟು, ನೀರು ಚೆಲ್ಲಿ, ಬರಿಗಾಲಲ್ಲಿ ಉಜ್ಜಿ ನೋಡಿ. ನಾಚಿಕೆ ಪಡಬೇಡಿ. ನೆಲಕ್ಕೆ ಒಂದು ಅಡಿ ಚದರದ ಚಿಕ್ಕ ಟೈಲ್ಸ್ ನನಗೆ ಇಷ್ಟ. ದೊಡ್ಡದಕ್ಕೆ ನಾಲ್ಕೂ ಕಡೆಯಿಂದ ವಾಟ ಕೊಡುವುದು ಕಷ್ಟ.

ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ ಹೀರುತ್ತದೆ. ಅದಕ್ಕೇ ಬರೀ ಸಿಮೆಂಟು ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಟೈಲ್ ಅಡ್ಹೆಸಿವ್ (ಟೈಲ್ಸ್‌ಗೆಂದೇ ಮಾಡಿದ ಅಂಟು ಸಿಮೆಂಟು) ಬೇಕು. ಅದನ್ನು ಹಲ್ಲಿರುವ ಕರಣೆಯಿಂದ ಹಿಂಭಾಗಕ್ಕೆಲ್ಲ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಇಟ್ಟು ಒತ್ತಿದರೆ ಹಿಂದೆ ಪೊಳ್ಳು ಉಳಿಯುತ್ತದೆ. ಮಾರನೇ ದಿನ ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸ್ ತಟ್ಟಿ ನೋಡಿ. ತುಂಬಿದ್ದರೆ ಸದ್ದು ಗಟ್ಟಿಯಾಗಿರುತ್ತದೆ, ಪೊಳ್ಳಿದ್ದರೆ ಖಾಲಿ ಡಬ್ಬದ ಹಾಗೆ. ಪೊಳ್ಳು ಬಂದಿದ್ದಕ್ಕೆ ಗುರುತು ಹಾಕಿ, ಗ್ರೌಟ್ ತುಂಬುವ ಮೊದಲೇ ತೆಗೆಸಿ ಹಾಕಿಸಿ.

ಟೈಲ್ಸ್ ನಡುವೆ ಎರಡು ಮೂರು ಮಿಲಿಮೀಟರ್ ಸಂದಿ ಇರಲಿ. "ಸಂದಿ ಕಾಣದ ಹಾಗೆ ಕೂರಿಸಿ" ಅಂತ ಕೇಳಬೇಡಿ. ಗ್ರೌಟ್ ಒಳಗೆ ಇಳಿಯಲು ಜಾಗ ಬೇಕು. ನೆಲಕ್ಕೆ ಮತ್ತು ಶವರ್ ಗೋಡೆಗೆ ಎಪಾಕ್ಸಿ ಗ್ರೌಟ್ (ಸಿಮೆಂಟಿನ ಬದಲು ರಾಳದಿಂದ ಮಾಡಿದ್ದು) ಹಾಕಿಸಿ. ಬೆಲೆ ಜಾಸ್ತಿ, ಆದರೆ ನೀರು ಕುಡಿಯುವುದಿಲ್ಲ, ಕಪ್ಪಾಗುವುದೂ ಕಡಿಮೆ. ಕೆಲಸ ಮುಗಿದ ಮೇಲೆ ಆ್ಯಸಿಡ್ ಹಾಕಿ ತೊಳೆಯುವ ಅಭ್ಯಾಸ ಬೇಡವೇ ಬೇಡ. ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ನಲ್ಲಿಯ ಹೊಳಪು ಹೋಗುತ್ತದೆ.

8. ಕರೆಂಟು, ಗೀಸರ್

2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. 16 ಆಂಪ್ ಪಾಯಿಂಟು, ಪ್ರತ್ಯೇಕ ವೈರು, ಸರಿಯಾದ ಅರ್ಥಿಂಗ್, ಸ್ವಿಚ್ ಬಾತ್‌ರೂಮಿನ ಹೊರಗೆ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿದುಹಾಕುವ ಸಾಧನ) ಇಲ್ಲದಿದ್ದರೆ ಈಗಲೇ ಹಾಕಿಸಿ. ಪ್ರಾಣದ ವಿಷಯ ಇದು.

25 ಲೀಟರಿನ ಗೀಸರ್‌ನಲ್ಲಿ ನೀರೇ 25 ಕೆಜಿ ತೂಗುತ್ತದೆ. ಟೊಳ್ಳು ಬ್ಲಾಕಿನ ಗೋಡೆಗೆ ಸಾಮಾನ್ಯ ಮೊಳೆ, ಸ್ಕ್ರೂ ನಂಬಬೇಡಿ. ಗ್ಯಾಸ್ ಗೀಸರ್ ಇದ್ದರೆ ಬಾತ್‌ರೂಮಿನ ಒಳಗೆ ಖಂಡಿತ ಬೇಡ. ಮುಚ್ಚಿದ ಜಾಗದಲ್ಲಿ ಅದು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಜೀವ ಬಿಟ್ಟಿದ್ದಾರೆ. ಗಾಳಿಯಾಡುವ ಹೊರ ಜಾಗದಲ್ಲಿ ಗೀಸರ್ ಇಟ್ಟು ಪೈಪು ಮಾತ್ರ ಒಳಗೆ ತನ್ನಿ. ಎಕ್ಸಾಸ್ಟ್ ಫ್ಯಾನಿಗೂ ಈಗಲೇ ಒಂದು ಪಾಯಿಂಟು ಕೊಡಿಸಿ.

9. ಫಿಟ್ಟಿಂಗ್

ಕಮೋಡು ಸ್ಕ್ರೂ ಹಾಕಿ ಕೂರಿಸಿ, ಬುಡಕ್ಕೆ ಸಿಲಿಕಾನ್ ಹಚ್ಚುವ ಮೊದಲು ನಾಲ್ಕೈದು ಸಲ ಫ್ಲಶ್ ಮಾಡಿ ನೋಡಿ. ಸಿಲಿಕಾನ್ ಹಚ್ಚಿದ ಮೇಲೆ ಒಂದು ದಿನ ನೀರು ತಾಗಿಸಬೇಡಿ. ಬೋರ್‌ವೆಲ್ ನೀರಿನ ಮನೆಯಾದರೆ ಶವರ್ ತಲೆ ಬಿಚ್ಚಿ ತೊಳೆಯಲು ಬರುವಂಥದ್ದೇ ಆರಿಸಿ, ಬಿಳಿ ಉಪ್ಪು ಕಟ್ಟಿಕೊಂಡು ತೂತು ಮುಚ್ಚುತ್ತದೆ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಇಲ್ಲದಿದ್ದರೂ, ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಹಾಕಿಸಿ. ಎರಡೂಮುಕ್ಕಾಲು ಅಡಿ ಎತ್ತರ ಸರಿಯಾಗುತ್ತದೆ. ನೀವೇ ಅದಕ್ಕೆ ಪೂರ್ತಿ ಭಾರ ಬಿಟ್ಟು ಜೋತು ನೋಡಿ, ಆಮೇಲೆ ಒಪ್ಪಿಕೊಳ್ಳಿ.

ದುಡ್ಡು ಕೊಡುವ ಕ್ರಮ

ದಿನದ ಲೆಕ್ಕಕ್ಕಿಂತ ಹಂತದ ಲೆಕ್ಕ ಒಳ್ಳೆಯದು. ಸಾಮಾನಿಗೆ ಅಡ್ವಾನ್ಸ್ ಕೊಡಿ. ಒಂದು ಕಂತು ಪ್ರೆಶರ್ ಟೆಸ್ಟ್ ಪಾಸಾದ ಮೇಲೆ, ಇನ್ನೊಂದು 48 ಗಂಟೆ ನೀರು ನಿಂತ ಮೇಲೆ, ಮತ್ತೊಂದು ಟೈಲ್ಸ್ ತಟ್ಟಿ ನೋಡಿದ ಮೇಲೆ. ಕೊನೆಯ ನೂರಕ್ಕೆ ಹತ್ತರಷ್ಟನ್ನು ಹದಿನೈದು ದಿನ ಬಳಸಿ ನೋಡಿ ಕೊಡುವುದಾಗಿ ಶುರುವಿನಲ್ಲೇ ಮಾತಾಡಿ. ಕೆಲಸ ಒಳ್ಳೆಯದಾದರೆ ಆ ದುಡ್ಡನ್ನು ಒಂದು ದಿನವೂ ತಡ ಮಾಡದೆ ಕೊಡಿ, ಅದು ಅವರ ದುಡಿಮೆಯ ದುಡ್ಡು.

ಉಳಿದ ಟೈಲ್ಸ್‌ನಲ್ಲಿ ನಾಲ್ಕೈದನ್ನು ಅಟ್ಟದ ಮೇಲೆ ಎತ್ತಿಡಿ. ಬಾಕ್ಸಿನ ಶೇಡ್ ನಂಬರ್, ಪೈಪಿನ ಫೋಟೋ, ಬಿಲ್ಲುಗಳನ್ನು ಒಂದೇ ಕಡೆ ಇಡಿ. ಆರು ತಿಂಗಳು ಕಳೆದ ಮೇಲೆ ಒಂದು ಸಂಜೆ ಟಾರ್ಚ್ ಹಿಡಿದು ಕೆಳಗಿನ ಸೀಲಿಂಗನ್ನು ಇನ್ನೊಮ್ಮೆ ನೋಡಿ ಬನ್ನಿ.